ಕೆಂಪು ಗಾಡಿಗೆ ಹದಿನೈದು ಇಂಚು

ಟೈರು ಕಪ್ಪಗೆ, ದುಂಡಗೆ ಇರುತ್ತದೆ, ಅದರಲ್ಲಿ ಕಲಿಯುವುದೇನಿದೆ ಎಂದು ನನ್ನನ್ನು ಮೊದಲು ಕೇಳಿದವರು ನನ್ನ ಮಾವ, ಅದೂ ಹೆಣ್ಣು ಕೊಡುವ ಮಾತಿಗೆ ಕೂತಾಗ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಹೊಸಪೇಟೆಯಲ್ಲಿ ಬಳ್ಳಾರಿ ರಸ್ತೆಯ ಒಂದೇ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷ ಟೈರು ಬಿಚ್ಚಿ ಹಾಕಿ, ಈಗ ಮನೆಯಲ್ಲಿ ಕೂತಿದ್ದೇನೆ. ಉತ್ತರ ಸಿಕ್ಕಿದೆ, ಕೇಳಿದವರು ಇಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ. ತನ್ನನ್ನು ತಾನೇ ಹೊಗಳಿಕೊಳ್ಳುತ್ತಾನೆ ಅನ್ನಿಸಿದರೆ ಅನ್ನಿಸಲಿ. ನನ್ನ ಕೆಲಸ ನಾನು ಚೆನ್ನಾಗಿ ಮಾಡಿದ್ದೇನೆ, ಅದನ್ನು ಹೇಳಲು ಬೇರೆ ಯಾರನ್ನು ಕರೆದು ತರಲಿ?

ನಾನು ಸೇರಿದಾಗ ಅಂಗಡಿಯಲ್ಲಿ ಯಂತ್ರ ಅಂತ ಇದ್ದದ್ದು ಗಾಳಿ ತುಂಬುವ ಕಂಪ್ರೆಸರ್ ಒಂದೇ. ಟೈರು ಬಿಚ್ಚಲು ಎರಡು ಹಾರೆ, ಒಂದು ದೊಡ್ಡ ಸುತ್ತಿಗೆ, ಬಕೆಟ್ಟಿನಲ್ಲಿ ಸೋಪಿನ ನೀರು. ಅಲೈನ್‌ಮೆಂಟ್ ಎಂದರೆ ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ದಾರ ಎಳೆದು, ಗಾಲಿಗಳು ನೇರ ಇವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವುದು. ಈಗ ಕ್ಯಾಮೆರಾ ಬಂದಿದೆ, ಪರದೆ ಬಂದಿದೆ, ಅದರಲ್ಲಿ ಕೆಂಪು ಹಸಿರು ಬಣ್ಣ ಬರುತ್ತದೆ. ಬಂದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನನ್ನ ಸೊಂಟ ನಲವತ್ತಕ್ಕೇ ರಾಜೀನಾಮೆ ಕೊಡುತ್ತಿತ್ತು. ಆದರೆ ಬಿಚ್ಚಿದ ಟೈರನ್ನು ಅಂಗೈಯಿಂದ ಸವರಿ ನೋಡುವ ಅಭ್ಯಾಸವನ್ನು ನಾನು ಬಿಡಲಿಲ್ಲ, ನೀವೂ ಬಿಡಬೇಡಿ. ನಡುವೆ ಸವೆದಿದ್ದರೆ ಗಾಳಿ ಅತಿಯಾಗಿ ತುಂಬಿಸುವ ಮನುಷ್ಯ. ಎರಡೂ ಅಂಚು ಸವೆದಿದ್ದರೆ ಗಾಳಿಯ ಕಡೆ ತಿರುಗಿಯೂ ನೋಡದ ಮನುಷ್ಯ. ಹೊರ ಅಂಚು ಕಿತ್ತು ಬಂದಿದ್ದರೆ ತಿರುವಿನಲ್ಲಿ ಅವಸರದವನು. ಅಲ್ಲಲ್ಲಿ ಚಪ್ಪಟೆಯಾಗಿದ್ದರೆ ಕೊನೆಗಳಿಗೆಯಲ್ಲಿ ಬ್ರೇಕಿನ ಮೇಲೆ ಎದ್ದು ನಿಲ್ಲುವವನು. ಗಿರಾಕಿ ಬಾಯಿ ಬಿಡುವ ಮೊದಲೇ ಅವರ ಸ್ವಭಾವ ಹೇಳಿ ಎಷ್ಟೋ ಜನರನ್ನು ಬೆರಗುಗೊಳಿಸಿದ್ದೇನೆ. ಒಬ್ಬಿಬ್ಬರು ಸಿಟ್ಟಾಗಿ ಎದ್ದು ಹೋದದ್ದೂ ಉಂಟು.

ಅಂಗಡಿಯ ಮಾಲೀಕರು ಗುರುಶಾಂತಪ್ಪನವರು. ನಾವೆಲ್ಲ ಸಾವ್ಕಾರ್ರು ಅನ್ನುತ್ತಿದ್ದೆವು. ಹಣೆ ತುಂಬ ವಿಭೂತಿ, ಮೈಮೇಲೆ ಬಿಳಿ ಅಂಗಿ. ಟೈರಿನ ಅಂಗಡಿಯಲ್ಲಿ ಇಡೀ ಆಯುಷ್ಯ ಕಳೆದರೂ ಆ ಅಂಗಿಯ ಮೇಲೆ ಒಂದು ಕಪ್ಪು ಕಲೆ ಕಂಡವರಿಲ್ಲ. ನಾನು ಸೇರಿದ ದಿನವೇ ಕರೆದು ಹೇಳಿದ್ದರು:

“ಕೊಟ್ರಪ್ಪಾ, ಗಿರಾಕಿ ಮುಂದ ತಪ್ಪು ನಮ್ದು ಅಂತ ಎಂದೂ ಅನಬ್ಯಾಡ. ರಸ್ತೆ ಮ್ಯಾಲ ಹಾಕು, ಬಿಸಲ ಮ್ಯಾಲ ಹಾಕು, ಓಡಸವ್ರ ಮ್ಯಾಲ ಹಾಕು. ಅಂಗಡಿ ಮ್ಯಾಲ ಹಾಕ್ಕೊಬ್ಯಾಡ.”

ನಮ್ಮ ಕಡೆಯ ಬಿಸಿಲಿನ ಮೇಲೆ ಏನು ಹೊರಿಸಿದರೂ ಜನ ನಂಬುತ್ತಿದ್ದರು. ಮನುಷ್ಯ ಕೆಟ್ಟವರಲ್ಲ, ನನ್ನ ಮಗಳ ಮದುವೆಗೆ ಎರಡು ದಿನ ಮೊದಲೇ ಬಂದು ಅಡುಗೆಯವರ ಮೇಲೆ ಕೂಗಾಡಿ ಎಲ್ಲವನ್ನೂ ಸರಿ ಮಾಡಿಸಿದವರು. ಆದರೆ ಅಂಗಡಿಯ ಮಾನದ ವಿಷಯಕ್ಕೆ ಬಂದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಸೈಜು ಆರಿಸುವುದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕಂಪ್ಲಿಯ ಅಕ್ಕಿ ಗಿರಣಿಯ ಯಜಮಾನರೊಬ್ಬರು ತಮ್ಮ ಸಣ್ಣ ಕಾರಿಗೆ ಹಿಡಿಸುವುದರಲ್ಲೇ ಅತಿ ಅಗಲದ ಟೈರು ಬೇಕೆಂದರು. ಹಾಕಿದೆ. ಗಾಡಿ ಖಾಲಿಯಿದ್ದಾಗ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರಾ ತಿರುಗಿಸಿ ನೋಡಿದೆ, ಎಲ್ಲೂ ತಾಗಲಿಲ್ಲ. ಮುಂದಿನ ವಾರ ಅವರು ಹೆಂಡತಿ, ಇಬ್ಬರು ಅತ್ತಿಗೆಯರು, ಒಬ್ಬ ಬೀಗರನ್ನು ಕೂರಿಸಿಕೊಂಡು ಹಂಪಿಗೆ ಹೊರಟರು. ಆ ಮನೆತನದಲ್ಲಿ ತೆಳ್ಳಗಿನವರು ಯಾರೂ ಇರಲಿಲ್ಲ. ಗಾಡಿಯ ಹಿಂಭಾಗ ಕುಸಿದು, ಟೈರು ಮಡ್ಗಾರ್ಡಿಗೆ ಉಜ್ಜಿ, ಕಮಲಾಪುರ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. ಬೆಂಕಿ ಬಿತ್ತೆಂದು ಬೀಗರು ಓಡುವ ಗಾಡಿಯ ಬಾಗಿಲು ತೆಗೆದರಂತೆ.

“ಏನ್ಲೇ, ನೀ ಟೈರ್ ಹಾಕೀಯೋ, ಒಲಿ ಹಚ್ಚೀಯೋ?” ಎಂದು ಯಜಮಾನರು ಅಂಗಡಿಯ ಬಾಗಿಲಲ್ಲೇ ಗುಡುಗಿದರು. ನಾನು ಸಾವ್ಕಾರರ ಉಪದೇಶ ನೆನೆದು, “ಭಾಳ ವಜನ್ ಹೇರಿದ್ರಿ ಅನಸ್ತೈತ್ರಿ” ಅಂದೆ. ಅವರ ಹೆಂಡತಿ ಗಾಡಿಯಲ್ಲೇ ಕೂತಿದ್ದರು. ಮುಂದೆ ಏನಾಯಿತು ಅಂತ ನಾನು ಬರೆಯುವುದಿಲ್ಲ.

ಅಂದಿನಿಂದ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಕಂಪನಿ ಕೊಟ್ಟ ಸೈಜು ಬಿಟ್ಟು ಬೇರೆ ಹಾಕುವ ದಿನ ಮನೆಯಿಂದ ಜೋಳದ ಹಿಟ್ಟನ್ನು ಬಿಸಿನೀರಲ್ಲಿ ಗಟ್ಟಿಯಾಗಿ ನಾದಿಸಿಕೊಂಡು ಬರುತ್ತಿದ್ದೆ. ಮಡ್ಗಾರ್ಡಿನ ಒಳಮೈಗೆ ಅಲ್ಲಲ್ಲಿ ಆ ಹಿಟ್ಟನ್ನು ಮೆತ್ತಿ, ಗಾಡಿಯಲ್ಲಿ ಮೂಟೆಗಳನ್ನು ಹೇರಿ, ಕಾಲುವೆ ದಂಡೆಯ ರಸ್ತೆಯ ಹಂಪುಗಳ ಮೇಲೆ ಓಡಿಸಿ ಬರುವುದು. ಆಮೇಲೆ ಬಗ್ಗಿ ನೋಡುವುದು. ಹಿಟ್ಟಿನ ಮೇಲೆ ಗೀರು ಬಿದ್ದಿದ್ದರೆ ಆ ಸೈಜು ಬೇಡ. ಗೋಧಿ ಹಿಟ್ಟು ಕೆಲಸಕ್ಕೆ ಬರುವುದಿಲ್ಲ, ಅದು ಹಿಗ್ಗಿ ಗೀರನ್ನು ನುಂಗಿಬಿಡುತ್ತದೆ. ಜೋಳದ್ದರಲ್ಲಿ ಬಿದ್ದ ಗೀರು ಬಿದ್ದ ಹಾಗೇ ಇರುತ್ತದೆ. “ನಾವು ಉಣ್ಣೂಕಿಂತ ನಿಮ್ಮ ಗಾಡಿ ಉಣ್ಣೂದ ಹೆಚ್ಚಾತು” ಎಂದು ಹೆಂಡತಿ ಬೈಯುತ್ತಿದ್ದಳು, ಆದರೂ ನಾದಿ ಕೊಡುತ್ತಿದ್ದಳು. ತೋರಣಗಲ್ಲಿನ ಕಾರ್ಖಾನೆಯ ಇಂಜಿನಿಯರ್‌ಗಳು ಈ ಹಿಟ್ಟಿನ ಪರೀಕ್ಷೆ ನೋಡಲೆಂದೇ ಅಂಗಡಿಗೆ ಬಂದು ನಿಂತಿದ್ದಾರೆ. ಹಿಟ್ಟು ಇರುವವರೆಗೆ ನನ್ನ ಕೈಯಲ್ಲಿ ತಪ್ಪಾಗುವುದಿಲ್ಲ ಎಂದು ನಾನು ನಂಬಿಕೊಂಡು ಬಿಟ್ಟೆ. ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಆ ಹಿಟ್ಟಿನ ಪರೀಕ್ಷೆಯಲ್ಲಿ ಪಾಸಾಗಿಯೇ ಹೊರಬಿದ್ದದ್ದು.

ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇದ್ದಾಗಿನ ಮಾತು. ಶಶಿಕಲಾ ಎಂಬ ಗಣಿತದ ಟೀಚರು ಒಂದು ಕೆಂಪು ಗಾಡಿ ತಂದರು. ಸಣ್ಣ ಗಾಡಿ, ಆದರೆ ಇಂಜಿನ್ನಿಗೆ ಕಸುವು ಜಾಸ್ತಿ, ನಿಂತಲ್ಲೇ ಕಾಲು ಕೆರೆಯುವ ಹೋರಿಯಂಥದ್ದು. ಮನೆ ಹೊಸಪೇಟೆಯಲ್ಲಿ, ಶಾಲೆ ದೋಣಿಮಲೈಯಲ್ಲಿ. ದಿನಾ ಸಂಡೂರಿನ ಗುಡ್ಡ ಹತ್ತಿಳಿದು ಹೋಗಿ ಬರುತ್ತಿದ್ದರು. ಮೊದಲು ಬಸ್ಸಿಗೆ ಕಾದು ಕಾದು ಬೇಸತ್ತು, ತಮ್ಮ ಸಂಬಳದಲ್ಲಿ ಕೊಂಡ ಗಾಡಿ ಅದು.

“ಕೊಟ್ರಪ್ಪಣ್ಣ, ನನಗ ಹದಿನೇಳು ಇಂಚಿನ ಅಲಾಯ್ ರಿಮ್ ಬೇಕ್ರಿ,” ಅಂದರು. “ಗಾಡಿ ಚೆಂದ ಕಾಣ್ಬೇಕು, ತಿರುವಿನಾಗ ನಾ ಹೇಳಿದಂಗ ಕೇಳ್ಬೇಕು. ಈಗಿಂದು ತಿರುವಿದ್ರ ಒಂದು ಗಳಿಗಿ ವಿಚಾರ ಮಾಡಿ ತಿರುಗ್ತೈತಿ.”

ಕಂಪನಿ ಕೊಟ್ಟ ಟೈರಿನ ಮೇಲೆ 185/65 R15 ಎಂದಿತ್ತು. ಹೊಸಬರಿಗೆ ಹೇಳುತ್ತೇನೆ: ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ, ಅಂದರೆ ರಿಮ್ಮಿನಿಂದ ನೆಲದವರೆಗಿನ ರಬ್ಬರಿನ ಎತ್ತರ, ಅಗಲದ ನೂರರಲ್ಲಿ ಎಷ್ಟು ಪಾಲು ಅಂತ. ಕೊನೆಯದು ಒಳಗಿನ ರಿಮ್ಮಿನ ಅಳತೆ, ಇಂಚಿನಲ್ಲಿ. ರಿಮ್ಮು ದೊಡ್ಡದಾದಷ್ಟೂ ಪಕ್ಕೆ ಚಿಕ್ಕದಾಗಬೇಕು, ಆಗ ಗಾಲಿಯ ಒಟ್ಟು ಎತ್ತರ ಮೊದಲಿನಷ್ಟೇ ಉಳಿಯುತ್ತದೆ. ಉಳಿಯದಿದ್ದರೆ ಮೀಟರು ಸುಳ್ಳು ಹೇಳುತ್ತದೆ, ಗಾಡಿ ಎಳೆಯುವ ರೀತಿಯೂ ಬದಲಾಗುತ್ತದೆ. ಈಗ ಮೊಬೈಲಿಗೆ ಎರಡು ಸೈಜು ಕೊಟ್ಟರೆ ಅದೇ ಹೇಳಿಬಿಡುತ್ತದೆ. ನಾನು ಹಳೆ ಬಿಲ್ಲಿನ ಹಾಳೆಯ ಬೆನ್ನಲ್ಲಿ ಗುಣಿಸುತ್ತಿದ್ದೆ. 205/45 R17 ಎಂದು ಬರೆದೆ. ಒಟ್ಟು ಎತ್ತರದಲ್ಲಿ ಐದು ಮಿಲಿಮೀಟರ್ ಮಾತ್ರ ವ್ಯತ್ಯಾಸ. ಟೀಚರು ಹಾಳೆ ತಗೊಂಡು ಮತ್ತೆ ಲೆಕ್ಕ ಮಾಡಿ, “ಸರಿ ಐತ್ರಿ” ಅಂತ ಮಾರ್ಕ್ಸ್ ಕೊಟ್ಟವರಂತೆ ನಕ್ಕರು. ಹಿಟ್ಟು ಮೆತ್ತಿದೆ, ಮೂಟೆ ಹೇರಿದೆ, ಕಾಲುವೆ ದಂಡೆಗೆ ಹೋಗಿ ಬಂದೆ. ಒಂದು ಗೀರೂ ಇಲ್ಲ. ಗಾಡಿ ಅಂಗಡಿಯ ಮುಂದೆ ನಿಂತಾಗ ಹೋಗುವವರು ಬರುವವರು ನಿಂತು ನೋಡಿದರು. ನಾನೂ ಕೈ ಕಟ್ಟಿ ನಿಂತು ನೋಡಿದೆ. ಅಷ್ಟು ಚೆಂದದ ಗಾಡಿ ನನ್ನ ಕೈಯಿಂದ ಅದುವರೆಗೆ ಹೊರಟಿರಲಿಲ್ಲ.

ಆರು ವಾರಕ್ಕೆ ಒಂದು ಟೈರಿನ ಪಕ್ಕೆ ಬೋರೆಹಣ್ಣಿನಷ್ಟು ಉಬ್ಬಿ ಬಂತು. ಬದಲಾಯಿಸಿ, ಗಾಳಿ ಸ್ವಲ್ಪ ಹೆಚ್ಚಿಸಿ ಕಳಿಸಿದೆ. ಎರಡು ತಿಂಗಳಿಗೆ ಇನ್ನೊಂದು ಉಬ್ಬಿತು. ಈ ಸಲ ಟೀಚರು ನಗಲಿಲ್ಲ.

“ಮನಿಯಾಗ ದಿನಾ ಇದ ಮಾತ್ರಿ,” ಅಂದರು. “ನೀ ಜೋರ್ ಓಡಸ್ತಿ, ಅದಕ್ಕ ಹಿಂಗಾಗ್ತೈತಿ ಅಂತಾರ. ಇನ್ನೊಂದು ಹೋದ್ರ ಗಾಡಿ ಮಾರಿ ಬಸ್ಸಿಗೆ ಹೋಗ್ತೀನಂತ ಮಾತು ಕೊಟ್ಟೀನಿ. ಕೊಟ್ಟ ಮಾತು ತಪ್ಪೂದಿಲ್ಲ ನಾನು.”

ಮೂರನೆಯದು ಉಬ್ಬಲಿಲ್ಲ, ಒಡೆಯಿತು. ಸಂಡೂರು ದಾಟಿ ಗುಡ್ಡದ ತಿರುವಿನಲ್ಲಿ, ಎದುರಿಗೆ ಅದಿರಿನ ಲಾರಿ ಬರುವಾಗ. ಟೀಚರು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ತಾವೇ ಜಾಕ್ ಹಚ್ಚಿ, ಸ್ಟೆಪ್ನಿ ಹಾಕಿಕೊಂಡು, ಸೀರೆಗೆ ಕೆಮ್ಮಣ್ಣು ಮಾಡಿಕೊಂಡು ಪರೀಕ್ಷೆಯ ಕೋಣೆಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅವರೂ ಅವರ ಯಜಮಾನರು ವೀರೇಶರೂ ಬಂದರು. ವೀರೇಶರು ಊರಲ್ಲೇ ಔಷಧದ ಅಂಗಡಿ ಇಟ್ಟವರು, ಮೆತ್ತಗಿನ ಮನುಷ್ಯ. ಒಡೆದ ಟೈರನ್ನು ಡಿಕ್ಕಿಯಿಂದ ತಾವೇ ಇಳಿಸಿ ನನ್ನ ಮುಂದೆ ಇಟ್ಟರು.

“ಅಣ್ಣಾರ, ನೀವು ಟೈರ್ ನೋಡಿ ಓಡಸವ್ರು ಹೆಂಗ ಅಂತ ಹೇಳ್ತೀರಂತ. ಇದನ್ನ ನೋಡಿ ಹೇಳ್ರಿ. ತಪ್ಪು ಈಕಿ ಓಡಸೂದರಾಗ ಐತೋ, ಟೈರಿನಾಗ ಐತೋ? ನನಗ ಗಾಡಿ ಮ್ಯಾಲ ಸಿಟ್ಟಿಲ್ಲ. ಶಾಲಿ ಟೈಮಿನಾಗ ಫೋನ್ ಬಂತಂದ್ರ ಎದಿ ಝಲ್ ಅಂತೈತಿ. ಓಡಸೂದರಾಗ ಐತಿ ಅಂದ್ರ ಇವತ್ತ ಮಾರ್ತೀವಿ.”

ನಾನು ಬಾಯಿ ತೆರೆಯುವ ಮೊದಲೇ ಸಾವ್ಕಾರ್ರು ಗಲ್ಲಾದ ಕುರ್ಚಿಯಿಂದ ಎದ್ದು ಬಂದರು. “ಆ ಗುಡ್ಡದಾಗ ಹಂಗ ಓಡಿಸಿದ್ರ ಯಾವ ಟೈರ್ ನಿಲ್ತೈತ್ರಿ? ಹೇಳೋ ಕೊಟ್ರಪ್ಪಾ.”

ಟೀಚರು ಗಾಡಿಯ ಕೀಯನ್ನು ಆಗಲೇ ಕೈಯಲ್ಲಿ ಹಿಡಿದು, ಗಂಡನಿಗೆ ಕೊಡುವವರಂತೆ ನಿಂತಿದ್ದರು.

ನಾನು ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲೆ ಅಂಗೈ ಆಡಿಸಿದೆ. ಸತ್ಯ ಹೇಳುತ್ತೇನೆ, ಒಂದು ಕೆಟ್ಟ ಗೀರು ಸಿಗಲಿ ಎಂದು ಹುಡುಕಿದೆ. ಅಂಚು ಕಿತ್ತಿರಲಿಲ್ಲ. ಚಪ್ಪಟೆ ಜಾಗ ಎಲ್ಲೂ ಇರಲಿಲ್ಲ. ಅಷ್ಟು ಸಮನಾಗಿ ಸವೆದ ಟೈರನ್ನು ನಾನು ಗಂಡಸರ ಗಾಡಿಗಳಲ್ಲಿ ಕಂಡದ್ದು ಕಡಿಮೆ. ಈ ಹೆಣ್ಣುಮಗಳು ಜೋರಾಗಿ ಓಡಿಸುತ್ತಾಳೆ, ಒರಟಾಗಿ ಓಡಿಸುವುದಿಲ್ಲ. ಒಳಗೆ ಕೈ ಹಾಕಿ ಪಕ್ಕೆಯನ್ನು ಮಡಚಿ ನೋಡಿದೆ. ಎರಡು ಸಾಲು ಗಾಯ. ಒಂದು ರಿಮ್ಮಿನ ಅಂಚು ಕೂತದ್ದು, ಇನ್ನೊಂದು ಗುಂಡಿಯ ಅಂಚು ತಾಗಿದ್ದು. ನಡುವಿನ ರಬ್ಬರು ಒರಳಿಗೆ ಸಿಕ್ಕ ಬೆಳ್ಳುಳ್ಳಿಯಂತೆ ಜಜ್ಜಿ ಹೋಗಿತ್ತು. ಪಕ್ಕೆ ತೀರಾ ಗಿಡ್ಡ, ಪೆಟ್ಟು ನುಂಗಲು ಅದಕ್ಕೆ ಜಾಗವೇ ಇರಲಿಲ್ಲ. ಹಾಗೆ ಗಿಡ್ಡ ಮಾಡಿದವನು ನಾನು. ಗಾಡಿಗೆ ಹಿಡಿಸುತ್ತದೋ ಇಲ್ಲವೋ ಅಂತ ಹಿಟ್ಟು ಮೆತ್ತಿ ನೋಡಿದ್ದೆ, ಆ ಗಾಡಿ ಓಡುವ ರಸ್ತೆಗೆ ಹಿಡಿಸುತ್ತದೋ ಅಂತ ನೋಡಿರಲಿಲ್ಲ. ದೋಣಿಮಲೈ ರಸ್ತೆ ಹೇಗಿದೆ ಅಂತ ಅವರನ್ನು ಒಂದು ಮಾತು ಕೇಳಿಯೂ ಇರಲಿಲ್ಲ. ನನಗೆ ಆಗ ಆದ ನಾಚಿಕೆ ಕಂಪ್ಲಿಯ ಯಜಮಾನರು ಬೈದಾಗಲೂ ಆಗಿರಲಿಲ್ಲ.

ಎದ್ದು ನಿಂತೆ. “ತಪ್ಪು ನಂದ್ರಿ,” ಅಂದೆ. “ಮೇಡಮ್ಮಾರ ಕೈ ಭಾಳ ಚಲೋ ಐತಿ. ಇಷ್ಟು ಗಿಡ್ಡ ಟೈರ್ ಆ ರಸ್ತೆಗೆ ಹಾಕಬಾರದಾಗಿತ್ತು. ಹಾಕಿದವ ನಾನು.”

ಸಾವ್ಕಾರ್ರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ವೀರೇಶರು ಸ್ವಲ್ಪ ಹೊತ್ತು ಟೈರು ನೋಡಿದರು, ಹೆಂಡತಿಯ ಮುಖ ನೋಡಿದರು. “ಹಂಗಾದ್ರ ನೀವ ಸರಿ ಮಾಡ್ರಿ. ಮಳಿಗಾಲ ಒಂದು ದಾಟ್ಲಿ. ಅಷ್ಟರಾಗ ಒಂದ ಒಂದು ಟೈರ್ ಕೆಟ್ರೂ ಗಾಡಿ ಇಡಂಗಿಲ್ಲ. ಆಕಿ ಕೊಟ್ಟ ಮಾತು ಆಕಿ ನಡಸ್ತಾಳ.” ಟೀಚರು ತಲೆಯಾಡಿಸಿದರು.

ಅವರು ಅತ್ತ ಹೋಗುತ್ತಲೇ ಸಾವ್ಕಾರ್ರು, “ಲೇ, ಅಂಗಡಿ ಮಾನ ಹರಾಜ್ ಹಾಕಿದೆಲ್ಲೋ!” ಎಂದು ಶುರು ಮಾಡಿದವರು ಮಧ್ಯಾಹ್ನದ ಊಟದವರೆಗೆ ನಿಲ್ಲಿಸಲಿಲ್ಲ. ಕಾರಿನ ಕಡೆ ಬರಬೇಡ, ಹಿಂದೆ ಹೋಗಿ ಲಾರಿ ಟೈರು ನೋಡಿಕೋ ಅಂದರು. ನಾನೂ ಹಟದವನೇ. “ಆ ಕೆಂಪು ಗಾಡಿ ಒಂದು ಮುಗಿಸಿ ಹೋಗ್ತೀನ್ರಿ” ಅಂದೆ.

ಮರುದಿನ ಟೀಚರ ಪಕ್ಕದ ಸೀಟಿನಲ್ಲಿ ಕೂತು ದೋಣಿಮಲೈಗೆ ಹೋದೆ. ಅಷ್ಟು ವರ್ಷದ ಕೆಲಸದಲ್ಲಿ ಗಿರಾಕಿಯ ರಸ್ತೆ ನೋಡಲು ಹೋದದ್ದು ಅದೇ ಮೊದಲು. ಲಾರಿಗಳಿಂದ ಉದುರಿದ ಅದಿರಿನ ಗಟ್ಟಿ ತುಣುಕುಗಳು, ಕೆಂಪು ದೂಳು ತುಂಬಿ ನೆಲಕ್ಕೆ ಸಮನಾಗಿ ಕಾಣುವ ಗುಂಡಿಗಳು. ಹತ್ತಿರ ಹೋಗುವವರೆಗೆ ಅದು ಗುಂಡಿಯೆಂದು ದೇವರಿಗೂ ಗೊತ್ತಾಗದು. ಟೀಚರು ಲಾರಿಯ ಹಿಂದೆ ಅಂತರ ಬಿಟ್ಟು, ಅದರ ಗಾಲಿ ಎಲ್ಲಿ ಕುಣಿಯಿತು ಎಂದು ನೋಡಿಕೊಂಡು ಓಡಿಸುತ್ತಿದ್ದರು. ತಿರುವು ಬಂದಾಗ ಮೊದಲೇ ನಿಧಾನ ಮಾಡಿ, ಒಂದೇ ಸಲಕ್ಕೆ ತಿರುಗಿಸಿ, ದಾಟಿದ ಮೇಲೆ ವೇಗ ಕೊಡುತ್ತಿದ್ದರು. ಅವರ ಮುಖದಲ್ಲಿ ಆಗ ಒಂದು ಖುಷಿ ಇರುತ್ತಿತ್ತು. ಈ ಗಾಡಿ ಮಾರಿದರೆ ಆ ಖುಷಿ ಕಳೆದ ಪಾಪ ನನ್ನ ಲೆಕ್ಕಕ್ಕೆ ಬರುತ್ತದೆ ಎಂದುಕೊಂಡು ಗುಂಡಿಗಳನ್ನು ಎಣಿಸತೊಡಗಿದೆ.

ವಾಪಸು ಬಂದು 195/60 R15 ಎಂದು ಬರೆದೆ. ಟೀಚರ ಮುಖ ಬಾಡಿತು.

“ಮತ್ತ ಹದಿನೈದಕ್ಕ ಇಳಿಸ್ತೀರೇನ್ರಿ? ಅದ ಹಳೇ ಗಾಡಿ ಆಗ್ತೈತೆಲ್ಲ.”

ನಾನು ವಾದ ಮಾಡಲಿಲ್ಲ. ಹದಿನೇಳರ ಒಂದು ಗಾಲಿ, ನಾನು ಆರಿಸಿದ ಹಗುರ ಅಲಾಯ್‌ಗೆ ಟೈರು ಹಾಕಿದ ಹದಿನೈದರ ಒಂದು ಗಾಲಿ, ಎರಡನ್ನೂ ಅವರ ಮುಂದೆ ಇಟ್ಟೆ. “ಎತ್ತಿ ನೋಡ್ರಿ” ಅಂದೆ. ಮೊದಲನೆಯದನ್ನು ಎತ್ತಲು ಎರಡೂ ಕೈ ಹಾಕಿ ತಿಣುಕಿದರು. ಎರಡನೆಯದು ಸಲೀಸಾಗಿ ಮೇಲೆ ಬಂತು. ಸುಮಾರು ನಾಲ್ಕು ಕಿಲೋ ವ್ಯತ್ಯಾಸ ಇದ್ದೀತು. ತಿರುಗುವ ಗಾಲಿಯ ಭಾರ ಇಳಿದರೆ ಗಾಡಿ ಬ್ರೇಕಿಗೂ ಸ್ಟೇರಿಂಗಿಗೂ ಬೇಗ ಓಗೊಡುತ್ತದೆ ಎಂದು ಹೇಳಿದೆ. ಟೈರು ಕಂಪನಿಯದಕ್ಕಿಂತ ಹತ್ತು ಮಿಲಿಮೀಟರ್ ಅಗಲ, ರಿಮ್ಮೂ ಅದಕ್ಕೆ ತಕ್ಕಂತೆ ಅರ್ಧ ಇಂಚು ಅಗಲ. ಅಗಲದ ರಿಮ್ಮಿನಲ್ಲಿ ಟೈರಿನ ಪಕ್ಕೆ ನೆಟ್ಟಗೆ ನಿಲ್ಲುತ್ತದೆ, ತಿರುವಿನಲ್ಲಿ ಓಲಾಡುವುದಿಲ್ಲ. ಪಕ್ಕೆಯ ಎತ್ತರ ನೂರಾ ಹದಿನೇಳು ಮಿಲಿಮೀಟರ್, ಹದಿನೇಳಿಂಚಿನ ಟೈರಿನಲ್ಲಿ ಅದು ತೊಂಬತ್ತೆರಡು ಇತ್ತು. ಹೆಚ್ಚು ಕಡಿಮೆ ಒಂದಿಂಚು ರಬ್ಬರು ಹೆಚ್ಚಿಗೆ, ಗುಂಡಿಯ ಪೆಟ್ಟು ನುಂಗಲಿಕ್ಕೆ. ಭಾರ ಹೊರುವ ಅಂಕಿಯೂ ಕಂಪನಿಯದರಷ್ಟೇ ಇರುವಂತೆ ನೋಡಿಕೊಂಡೆ. ಹದಿನಾರು ಯಾಕೆ ಬೇಡ ಎಂದು ಕೇಳಿದರು. ಹೊಸಪೇಟೆ ಒಳಗಷ್ಟೇ ಓಡುವುದಾದರೆ ಹದಿನಾರೇ ಹಾಕುತ್ತಿದ್ದೆ ಅಂದೆ. ಅವರು ಲೆಕ್ಕದ ಹಾಳೆ ಇಸಿದುಕೊಂಡು ಪುನಃ ಗುಣಿಸಿದರು. “ಹಾಕ್ರಿ” ಅಂದರು.

ಹೊಸಬರೇ, ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಗಾಡಿ ನೋಡಿ ಸೈಜು ಹೇಳಬೇಡಿ. ದಿನಾ ಎಲ್ಲಿಗೆ ಹೋಗ್ತೀರಿ, ಎಷ್ಟು ಜನ ಕೂರ್ತೀರಿ, ರಸ್ತೆ ಹೇಗಿದೆ, ಇಷ್ಟು ಕೇಳಿದ ಮೇಲೆಯೇ ಬಾಯಿ ಬಿಡಿ. ನಾನು ಇದನ್ನು ಕಲಿಯಲು ಮೂವತ್ತು ವರ್ಷ ತೆಗೆದುಕೊಂಡೆ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಅಂಗಡಿಯ ಹಿತ್ತಲಲ್ಲಿ ಲಾರಿ ಟೈರು ಬಡಿಯುತ್ತಿದ್ದ ನನಗೆ ಪ್ರತಿ ಮಳೆಗೂ ಗುಡ್ಡದ ರಸ್ತೆ ಕಣ್ಣ ಮುಂದೆ ಬರುತ್ತಿತ್ತು. ಅಂಗಡಿಯ ಮುಂದೆ ಕೆಂಪು ಬಣ್ಣದ ಯಾವ ಗಾಡಿ ನಿಂತರೂ ಕತ್ತು ಚಾಚಿ ಅದರ ಗಾಲಿ ನೋಡುತ್ತಿದ್ದೆ. ಒಂದು ದಿನ ನಿಜವಾಗಿಯೂ ಅದೇ ಗಾಡಿ ಬಂತು. ಕೈಯಲ್ಲಿದ್ದ ಸುತ್ತಿಗೆ ಬಿಟ್ಟು ಓಡಿದೆ. ಗಾಳಿ ನೋಡಿಸಲು ಬಂದಿದ್ದರು, ಅಷ್ಟೆ. ಮಳೆಗಾಲ ಕಳೆಯಿತು. ವಾರ ಎರಡು ವಾರಕ್ಕೆ ಸಾವ್ಕಾರ್ರೇ ಹಿತ್ತಲಿಗೆ ಬಂದು, “ಮುಂದ ಬಾರೋ, ಯಾರೋ ಸೈಜ್ ಕೇಳಾಕತ್ತಾರ” ಎಂದು ಕರೆದರು. ಕೈ ತೊಳೆದುಕೊಂಡು ಮುಂದೆ ಹೋದೆ. ಆಮೇಲೆ ಗೊತ್ತಾಯಿತು, ದೋಣಿಮಲೈ ಶಾಲೆಯಿಂದ ನಾಲ್ಕು ಜನ ಟೀಚರುಗಳು ನಮ್ಮ ಅಂಗಡಿ ಹುಡುಕಿಕೊಂಡು ಬಂದಿದ್ದರಂತೆ.

ಆ ಟೈರುಗಳನ್ನು ಬದಲಾಯಿಸಲು ಶಶಿಕಲಾ ಟೀಚರು ಬಂದದ್ದು ಮೂರು ವರ್ಷದ ಮೇಲೆ, ನನ್ನ ಕೆಲಸದ ಕೊನೆಯ ತಿಂಗಳುಗಳಲ್ಲಿ. ನಾಲ್ಕನ್ನೂ ಬಿಚ್ಚಿ ಸಾಲಾಗಿ ಒರಗಿಸಿದೆ. ಒಂದರಲ್ಲೂ ಉಬ್ಬಿಲ್ಲ, ಒಳಗೆ ಗಾಯವಿಲ್ಲ. ಆ ರಸ್ತೆಯಲ್ಲಿ ಟೈರುಗಳು ಪೆಟ್ಟು ತಿಂದು ಅರ್ಧ ಆಯುಷ್ಯಕ್ಕೇ ಸಾಯುತ್ತವೆ. ಇವು ಈ ಅಂಚಿನಿಂದ ಆ ಅಂಚಿನವರೆಗೆ ಸಮನಾಗಿ ಸವೆದು, ವಯಸ್ಸಾಗಿ ಬಂದಿದ್ದವು. ನನ್ನ ಮನೆ ಕಟ್ಟಿ ಮುಗಿದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಕಣ್ಣು ಒದ್ದೆಯಾದದ್ದು ಕಾಣಬಾರದೆಂದು ಸೋಪಿನ ನೀರಿನ ಬಕೆಟ್ಟಿನ ಕಡೆ ತಿರುಗಿದೆ.

“ಯಾವ ಸೈಜ್ ಹಾಕ್ಲಿ ಮೇಡಂ?” ಎಂದು ಕೇಳಿದೆ, ಗೊತ್ತಿದ್ದೂ.

“ಕೇಳೂದೇನೈತ್ರಿ, ಅದ ಸೈಜ್ ಹಾಕ್ರಿ,” ಅಂದರು. ಆಮೇಲೆ ಕೀಯನ್ನು ಪರ್ಸಿನೊಳಗೆ ಇಟ್ಟು ಜಿಪ್ಪು ಎಳೆಯುತ್ತಾ ನಕ್ಕರು. “ಐತವಾರ ಬಂತಂದ್ರ ನಾ ಓಡಸ್ತೀನಿ ಅಂತ ನಮ್ಮನಿಯವ್ರು ಕೀ ಕೇಳಾಕ ಹತ್ಯಾರ ಈಗ. ನಾ ಕೊಡಂಗಿಲ್ಲ.”